ಟೋನ್ ಮಾಸ್ಟರ್ ಎಫ್‌ಆರ್-12: ಮಾಡೆಲರ್‌ಗೆ ತಕ್ಕ ಜೊತೆ

ಡಿಜಿಟಲ್ ಮಾಡೆಲರ್ (ಬಗೆಬಗೆಯ ಆಂಪ್ಲಿಫೈಯರ್, ಸ್ಪೀಕರ್‌ಗಳ ನಾದವನ್ನು ಅನುಕರಿಸುವ ಸಾಧನ) ಬಳಸುವ ಗಿಟಾರ್ ವಾದಕರಿಗೆ ವೇದಿಕೆಯ ಮೇಲೆ ತಮ್ಮ ವಾದ್ಯವೇ ಸರಿಯಾಗಿ ಕೇಳಿಸದಿರುವುದು ದೊಡ್ಡ ತೊಡಕು. ಫೆಂಡರ್ ಕಂಪನಿಯು 2023ರಲ್ಲಿ ಹೊರತಂದ ಈ 1000 ವಾಟ್‌ಗಳ ಫುಲ್‌ರೇಂಜ್ ಕ್ಯಾಬಿನೆಟ್ (ತಗ್ಗಿನಿಂದ ಎತ್ತರದವರೆಗಿನ ಎಲ್ಲ ನಾದವನ್ನೂ ಹೊರಡಿಸುವ ಸ್ಪೀಕರ್ ಪೆಟ್ಟಿಗೆ) ಆ ಕೊರತೆಯನ್ನು ಚೆನ್ನಾಗಿ ನೀಗಿಸುತ್ತದೆ.

ಸಾಮಾನ್ಯ ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್‌ಗಿಂತ ಮೇಲಿನ ನಾದವನ್ನು ತಾನಾಗಿಯೇ ತಗ್ಗಿಸುತ್ತದೆ. ಇದರಲ್ಲಿ 12 ಇಂಚಿನ ಸ್ಪೀಕರ್ ಜೊತೆಗೆ ಎತ್ತರದ ನಾದಕ್ಕೆಂದೇ ಇರುವ ಟ್ವೀಟರ್ ಕೂಡ ಇರುವುದರಿಂದ ಎಲ್ಲವೂ ಹೊರಬರುತ್ತದೆ. ಹಾಗಾಗಿ ಮಾಡೆಲರ್‌ನಲ್ಲಿ ಕ್ಯಾಬಿನೆಟ್ ಸಿಮ್ಯುಲೇಶನ್ (ಗಿಟಾರ್ ಸ್ಪೀಕರ್‌ನ ನಾದವನ್ನು ಅನುಕರಿಸುವ ಸೌಲಭ್ಯ) ಆನ್ ಇರಲೇಬೇಕು, ಇಲ್ಲವಾದರೆ ಡಿಸ್ಟಾರ್ಷನ್ (ಬೇಕೆಂದೇ ಒರಟಾಗಿಸಿದ ಗಿಟಾರ್ ನಾದ) ಬಹಳ ಕರ್ಕಶವಾಗುತ್ತದೆ.

ಕಲಬುರಗಿಯ ಡಾ. ಎಸ್.ಎಂ. ಪಂಡಿತ್ ರಂಗಮಂದಿರದಲ್ಲಿ ನುಡಿಸಿದಾಗ, ಮನೆಯಲ್ಲಿ ಸಣ್ಣ ದನಿಯಲ್ಲಿ ಹೊಂದಿಸಿದ್ದ ಟೋನ್‌ನಲ್ಲಿ ದಪ್ಪ ತಂತಿಯ ನಾದ ಗುಂಯ್‌ಗುಟ್ಟಿತು. ದನಿ ಏರಿದಂತೆ ಬಾಸ್ ಕಿವಿಗೆ ಹೆಚ್ಚಾಗಿ ಕೇಳಿಸುವುದು ಸಹಜವೇ. ಕ್ಯಾಬಿನೆಟ್ ಮೇಲಿನ ಬಾಸ್ ನಾಬ್ ಅನ್ನು ತುಸು ಇಳಿಸಿದೊಡನೆ, ಅಂಗೈ ಅಂಚಿನಿಂದ ತಂತಿಯನ್ನು ಅದುಮಿ ನುಡಿಸಿದ ಪ್ರತಿಯೊಂದು ಮೀಟೂ ಬಿಡಿಬಿಡಿಯಾಗಿ ಕೇಳಿಸಿತು. ಮಾಡೆಲರ್‌ನ ಪ್ರೀಸೆಟ್‌ಗಳನ್ನು (ಮೊದಲೇ ಉಳಿಸಿಟ್ಟ ಟೋನ್‌ಗಳನ್ನು) ಒಂದೊಂದಾಗಿ ತಿದ್ದಬೇಕಾಗಲಿಲ್ಲ. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಇದೇ.

ಸಭಾಂಗಣದ ಮಿಕ್ಸರ್‌ಗೆ ಮಾತ್ರ ಮಾಡೆಲರ್‌ನಿಂದಲೇ ನೇರವಾಗಿ ಎಕ್ಸ್‌ಎಲ್‌ಆರ್ (ಮೈಕ್‌ಗೆ ಬಳಸುವಂಥ ಮೂರು ಪಿನ್‌ನ) ಕೇಬಲ್ ಕೊಡುವುದು ಉತ್ತಮ. ಆಗ ವೇದಿಕೆಯ ಮೇಲೆ ಮಾಡುವ ಹೊಂದಾಣಿಕೆಗಳು ಪ್ರೇಕ್ಷಕರು ಕೇಳುವ ನಾದವನ್ನು ಕೆಡಿಸುವುದಿಲ್ಲ.