ಸಬ್‌ಸ್ಟೇಷನ್ ರಾತ್ರಿ ಪಾಳಿ: ಶಿಸ್ತು ಇಷ್ಟಪಡುವವರಿಗೆ ಹೇಗಿದೆ ಈ ಕೆಲಸ?

ಅದೇ ಕೆಲಸವನ್ನು ಅದೇ ಹೊತ್ತಿಗೆ, ಅದೇ ಕ್ರಮದಲ್ಲಿ ಮಾಡಿದರೇ ನೆಮ್ಮದಿ ಎನ್ನುವವರು ರಾತ್ರಿ ಪಾಳಿ ಹುಡುಕುತ್ತಿದ್ದರೆ, 66 ಸಾವಿರ ವೋಲ್ಟ್ ವಿದ್ಯುತ್ತನ್ನು 11 ಸಾವಿರಕ್ಕೆ ಇಳಿಸುವ 66/11 ಕೆವಿ ಸಬ್‌ಸ್ಟೇಷನ್ನಿನ ಶಿಫ್ಟ್ ಆಪರೇಟರ್ ಕೆಲಸವನ್ನು ಮೊದಲು ನೋಡಿ. ಐಟಿಐ ಅಥವಾ ಡಿಪ್ಲೊಮಾದಲ್ಲಿ ಎಲೆಕ್ಟ್ರಿಕಲ್ ಓದಿರಬೇಕು. ಗುತ್ತಿಗೆಯಲ್ಲಿ ನಡೆಯುವ ಸ್ಟೇಷನ್‌ಗಳೂ ಸಾಕಷ್ಟಿವೆ. ನಮ್ಮ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಅಂಕ.

ಗಂಟೆಗೊಮ್ಮೆ ರೀಡಿಂಗ್ ತೆಗೆಯುವುದೇ ಈ ಪಾಳಿಯ ಬೆನ್ನೆಲುಬು. ಬಸ್ (ಲೈನ್‌ಗಳೆಲ್ಲ ಕೂಡುವ ವಾಹಕ) ವೋಲ್ಟೇಜ್, ಒಂದೊಂದು ಫೀಡರಿನ (ಇಲ್ಲಿಂದ ಊರಿಗೆ ಹೊರಡುವ ಲೈನ್) ಆಂಪ್ಸ್, ಟ್ರಾನ್ಸ್‌ಫಾರ್ಮರಿನ ಆಯಿಲ್ ಮತ್ತು ವೈಂಡಿಂಗ್ ಉಷ್ಣಾಂಶ, ವೋಲ್ಟೇಜ್ ಹೊಂದಿಸುವ ಟ್ಯಾಪಿನ ಪೊಸಿಷನ್, ಬ್ಯಾಟರಿಯ ಡಿಸಿ ವೋಲ್ಟೇಜ್ ಎಲ್ಲವೂ ಲಾಗ್‌ಶೀಟಿಗೆ ಏರಬೇಕು. ರಾತ್ರಿ ಎರಡರ ಹೊತ್ತಿಗೆ ಅಂಕಿಗಳು ಹೆಚ್ಚು ಕದಲುವುದಿಲ್ಲ. ಹಿಂದಿನ ಸಾಲನ್ನೇ ಕೆಳಗಿಳಿಸಿ ಬರೆಯುವ ಚಾಳಿ ಹುಟ್ಟುವುದೂ ಆಗಲೇ. ಲೋಡ್ ಏರದೆ ಆಯಿಲ್ ಬಿಸಿ ಮಾತ್ರ ಏರುತ್ತಿದ್ದರೆ ಕೂಲಿಂಗ್ ಫ್ಯಾನ್ ನಿಂತಿರಬಹುದು. ನಕಲು ಮಾಡಿದ ಸಾಲಿನಲ್ಲಿ ಅದು ಕಾಣುವುದೇ ಇಲ್ಲ. ಪ್ರತಿ ಗಂಟೆಯೂ ಎದ್ದು ಹೋಗಿ ಮೀಟರ್ ನೋಡದಿದ್ದರೆ ಸಮಾಧಾನವಾಗದ ಸ್ವಭಾವದವರೇ ಇಲ್ಲಿಗೆ ಬೇಕು.

ಟಾರ್ಚ್ ಹಿಡಿದು ಯಾರ್ಡ್ ಸುತ್ತುವುದನ್ನೂ ತಪ್ಪಿಸುವಂತಿಲ್ಲ. ಟ್ರಾನ್ಸ್‌ಫಾರ್ಮರಿನ ಒಳಹೋಗುವ ಗಾಳಿಯ ತೇವ ಹೀರುವ ಬ್ರೀದರಿನ ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದ್ದರೆ ತೇವ ಹಿಡಿದಿದೆ ಎಂದರ್ಥ, ಬದಲಿಸಲು ಬರೆದಿಡಿ. ಒಂದು ಕಡೆ ನಿಂತು ಟಾರ್ಚ್ ಆರಿಸಿ ತಲೆಯೆತ್ತಿ ನೋಡಿ: ಬಿಸಿಲಲ್ಲಿ ಕಣ್ಣಿಗೆ ಬೀಳದ ಸಡಿಲ ಕ್ಲ್ಯಾಂಪ್, ಲೋಡ್ ಜೋರಾಗಿದ್ದಾಗ ಕತ್ತಲಲ್ಲಿ ಕೆಂಡದಂತೆ ಹೊಳೆಯುತ್ತದೆ. ಹಗಲು ಪಾಳಿಯವರಿಗೆ ಈ ಅನುಕೂಲ ಇಲ್ಲ.

ಕ್ರಮ ಕೆಡುವುದು ಮಳೆಗಾಲದಲ್ಲಿ. ಗಾಳಿಗೆ ಕೊಂಬೆ ತಾಗಿ ಫೀಡರ್ ಟ್ರಿಪ್ ಆದರೆ (ತಾನಾಗಿ ಕಡಿತವಾದರೆ) ಮೊದಲು ಸಮಯ ಮತ್ತು ಯಾವ ರಿಲೇ (ದೋಷ ಗುರುತಿಸುವ ಸಾಧನ) ಬಿದ್ದಿದೆ ಎಂಬುದನ್ನು ಬರೆಯಿರಿ, ರೀಸೆಟ್ ಒತ್ತುವುದು ಆಮೇಲೆ. ಓವರ್‌ಕರೆಂಟೋ ಅರ್ಥ್ ಫಾಲ್ಟೋ (ಕರೆಂಟ್ ನೆಲಕ್ಕೆ ಹರಿದದ್ದು) ಎಂದು ಬರೆಯದೆ ರೀಸೆಟ್ ಮಾಡಿದರೆ ಲೈನ್‌ಮನ್‌ಗೆ ಹುಡುಕಲು ಸುಳಿವೇ ಉಳಿಯುವುದಿಲ್ಲ. ಮತ್ತೆ ಚಾರ್ಜ್ ಮಾಡಿದಾಗಲೂ (ಲೈನಿಗೆ ಕರೆಂಟ್ ಬಿಟ್ಟಾಗಲೂ) ಟ್ರಿಪ್ ಆದರೆ ಹಟ ಹಿಡಿಯಬೇಡಿ, ತಂತಿ ನೆಲಕ್ಕೆ ಬಿದ್ದಿರಬಹುದು. ಲೈನ್ ಕ್ಲಿಯರ್ (ಕರೆಂಟ್ ತೆಗೆದು ಲೈನಿನ ಮೇಲೆ ಕೆಲಸ ಮಾಡಲು ಕೊಡುವ ಅನುಮತಿ) ವಿಷಯದಲ್ಲಂತೂ ರಿಯಾಯಿತಿಯೇ ಇಲ್ಲ. ತೆಗೆದುಕೊಂಡವರೇ ವಾಪಸ್ ಮಾಡಬೇಕು. ಪರಿಚಿತ ದನಿಯೇ ಫೋನಿನಲ್ಲಿ 'ಕೆಲಸ ಮುಗೀತು, ಚಾರ್ಜ್ ಮಾಡಿ ಸಾರ್' ಎಂದರೂ, ತೆಗೆದುಕೊಂಡವರು ಅವರಲ್ಲದಿದ್ದರೆ ಬ್ರೇಕರ್ ಮುಟ್ಟಬೇಡಿ. ಕಂಬದ ಮೇಲೆ ಇನ್ನೊಬ್ಬರ ಜೀವ ಇರುತ್ತದೆ.

ಒಂದು ಅಂಕ ಕಡಿಮೆಯಾಗಿರುವುದು ಪಾಳಿಯ ಹಂಚಿಕೆಗೆ. ದಿನಕ್ಕೆ ಮೂರು ಪಾಳಿ, ವಾರಕ್ಕೆ 21. ವಾರದ ರಜೆ ಕೊಟ್ಟರೆ ಮೂವರು ಆಪರೇಟರ್‌ಗಳು ತುಂಬುವುದು 18 ಮಾತ್ರ. ಉಳಿದ ಮೂರು ಯಾರದೋ ತಲೆಗೆ ಬಂದು, ಎಂಟು ಗಂಟೆಯ ಕೆಲಸ ಹದಿನಾರಕ್ಕೆ ಎಳೆಯುತ್ತದೆ. ಸೇರುವ ಮುನ್ನ ನಾಲ್ಕನೆಯವರು ಇದ್ದಾರೆಯೇ, ಪಾಳಿ ಬದಲಾಗುವುದು ವಾರಕ್ಕೋ ತಿಂಗಳಿಗೋ ಎಂದು ಕೇಳಿ. ವಾರವಾರ ಬದಲಾದರೆ ನಿದ್ದೆ ಹೊಂದಿಕೊಳ್ಳುವಷ್ಟರಲ್ಲಿ ಮತ್ತೆ ಕೆಡುತ್ತದೆ. ಸದಾ ರಾತ್ರಿ ಪಾಳಿಯೇ ಬೇಕೆಂದರೆ ಜೊತೆಯವರು ಸಾಮಾನ್ಯವಾಗಿ ಖುಷಿಯಿಂದಲೇ ಬಿಟ್ಟುಕೊಡುತ್ತಾರೆ. ಅದನ್ನು ಮೇಲಧಿಕಾರಿಯಿಂದ ಬರಹದಲ್ಲೇ ಒಪ್ಪಿಸಿಕೊಳ್ಳಿ.