ರಿಯಾಯಿತಿ ಕಾರ್ಡು, ವೋಚರು, ಊರಿನ ನೋಟು, ಉದ್ರಿ ಖಾತೆ: ಸಣ್ಣ ವ್ಯಾಪಾರಿಗಳ ಕೂಟಕ್ಕೆ ಯಾವುದು?

ಸ್ವತಂತ್ರ ಅಂಗಡಿಗಳು, ಸಣ್ಣ ವರ್ಕ್‌ಶಾಪುಗಳು ಒಂದು ಕೂಟ ಕಟ್ಟಿಕೊಂಡು, ಬಂದ ಹಣ ಊರು ಬಿಡುವ ಮುಂಚೆ ಇನ್ನೊಂದೆರಡು ಸುತ್ತು ತಿರುಗಲಿ ಎಂದು ಹೊರಟರೆ ಮುಂದಿರುವ ದಾರಿಗಳು ಮುಖ್ಯವಾಗಿ ಇವು ನಾಲ್ಕು. ನಾಲ್ಕನ್ನೂ ನಡೆಸಿ ನೋಡಿದ ಮೇಲೆ ನನ್ನ ಮತ ಉದ್ರಿ ಖಾತೆಗೆ, ಅಂದರೆ ಸದಸ್ಯರು ತಮ್ಮತಮ್ಮಲ್ಲೇ ನಗದಿಲ್ಲದೆ ಕೊಂಡು ಮಾರಿ ಜಮಾ, ಬಾಕಿ ಬರೆದಿಡುವ ಏರ್ಪಾಡಿಗೆ. ಉಳಿದ ಮೂರೂ ಗಿರಾಕಿಯ ಒಳ್ಳೆಯ ಮನಸ್ಸನ್ನೇ ನೆಚ್ಚಿಕೊಂಡಿವೆ. ಉದ್ರಿ ಖಾತೆ ಮಾತ್ರ ಅಂಗಡಿಯವರೇ ಎಲ್ಲಿ ಖರೀದಿ ಮಾಡುತ್ತಾರೆ ಎಂಬುದಕ್ಕೆ ಕೈ ಹಾಕುತ್ತದೆ.

ಅದು ಏಕೆ ಮುಖ್ಯ ಎಂಬುದಕ್ಕೆ ಷಿಕಾಗೋದ ಆಂಡರ್ಸನ್‌ವಿಲ್ ಬಡಾವಣೆಯಲ್ಲಿ 2004ರಲ್ಲಿ ಆದ ಅಧ್ಯಯನ ನೋಡಿ. ಗಿರಾಕಿ ಕೊಟ್ಟ 100 ಡಾಲರಿನಲ್ಲಿ ಸ್ಥಳೀಯ ಅಂಗಡಿಯಿಂದ 68 ಡಾಲರ್ ಆ ನಗರದಲ್ಲೇ ಉಳಿದರೆ, ಸರಣಿ ಮಳಿಗೆಯಿಂದ ಉಳಿದದ್ದು 43. ಮಾಲೀಕರ ಲಾಭ, ಸಂಬಳಗಳ ಜೊತೆಗೆ ಅಂಗಡಿಯವರ ಖರೀದಿಯೂ ಈ ವ್ಯತ್ಯಾಸಕ್ಕೆ ಕಾರಣ. ಸ್ಥಳೀಯ ಅಂಗಡಿಯೇ ತನ್ನ ಬಿಲ್‌ಬುಕ್ಕು, ಬೋರ್ಡು, ರಿಪೇರಿಯನ್ನೆಲ್ಲ ಹೊರಗೆ ಮಾಡಿಸಿದರೆ ಆ 68 ಕರಗುತ್ತಾ ಹೋಗುತ್ತದೆ.

ರಿಯಾಯಿತಿ ಕಾರ್ಡಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ನೂರಕ್ಕೆ 20 ಲಾಭ ಇಟ್ಟುಕೊಂಡವರು 5 ರಿಯಾಯಿತಿ ಕೊಟ್ಟರೆ ಕೈಯಲ್ಲಿ ಉಳಿಯುವುದು 15. ಮೊದಲಿನಷ್ಟೇ ಸಂಪಾದಿಸಲು ಮೂರನೇ ಒಂದು ಭಾಗ ಹೆಚ್ಚು ಸರಕು ಮಾರಬೇಕು. ಕಾರ್ಡ್ ತೋರಿಸುವವರೋ ಬಹುಪಾಲು ಹಳೆಯ ಗಿರಾಕಿಗಳೇ. ಬೇಡ.

ಎಲ್ಲ ಅಂಗಡಿಗಳಲ್ಲೂ ನಡೆಯುವ ಗಿಫ್ಟ್ ವೋಚರ್ ಎರಡನೆಯ ಸ್ಥಾನಕ್ಕೆ ಸಲ್ಲುತ್ತದೆ. ಹಣ ಮೊದಲೇ ಬರುತ್ತದೆ, ಖರ್ಚಾಗುವುದು ಕೂಟದೊಳಗೇ, ಹಬ್ಬಗಳ ಕಾಲಕ್ಕೆ ಸಂಸ್ಥೆಗಳು ಸಿಬ್ಬಂದಿಗೆಂದು ಒಟ್ಟಿಗೇ ಕೊಳ್ಳುತ್ತವೆ. ವೋಚರ್ ಮಾರಿದ ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಲಿ. ಕೂಟದ ಖರ್ಚಿಗೆ ಅದನ್ನು ಮುಟ್ಟಿದರೆ ಅಂಗಡಿಗಳಿಗೆ ಕೊಡಬೇಕಾದ ದಿನ ಬರಿಗೈ. ಸಣ್ಣ ಮೊತ್ತದ ವೋಚರುಗಳನ್ನೇ ಅಚ್ಚು ಹಾಕಿಸಿದರೆ ಚಿಲ್ಲರೆಯ ತಕರಾರು ಇರುವುದಿಲ್ಲ. ಬೇರೆ ಬೇರೆ ಮಾಲೀಕರ ಅಂಗಡಿಗಳಲ್ಲಿ ನಡೆಯುವ ವೋಚರಿಗೆ ಎಷ್ಟೋ ದೇಶಗಳಲ್ಲಿ ಪಾವತಿ ಕಾನೂನು ಅನ್ವಯಿಸುತ್ತದೆ, ಮೊದಲು ಅದನ್ನು ವಿಚಾರಿಸಿ. ಇದರ ಮಿತಿ ಒಂದೇ: ಅಂಗಡಿಯವರು ವೋಚರನ್ನು ನಗದು ಮಾಡಿಕೊಂಡ ಕೂಡಲೇ ಸುತ್ತು ಮುಗಿಯಿತು.

ಊರಿನ ನೋಟು ಎಂದರೆ ಸರ್ಕಾರಿ ಹಣ ಕೊಟ್ಟು ಪಡೆದು ಊರೊಳಗಷ್ಟೇ ಖರ್ಚು ಮಾಡುವ ನೋಟು. ಇದಕ್ಕೆ ಆಕರ್ಷಣೆ ಜಾಸ್ತಿ, ಪತ್ರಿಕೆಯವರೂ ಬರುತ್ತಾರೆ. ಇಂಗ್ಲೆಂಡಿನ ಬ್ರಿಸ್ಟಲ್ ಪೌಂಡ್ 2012ರಲ್ಲಿ ಶುರುವಾಯಿತು, ಅದೇ ವರ್ಷ ಕೊನೆಗೆ ನಗರದ ಮೇಯರ್ ಆದ ಜಾರ್ಜ್ ಫರ್ಗುಸನ್ ತಮ್ಮ ಸಂಬಳವನ್ನೇ ಅದರಲ್ಲಿ ಪಡೆದರು. ಹತ್ತು ವರ್ಷ ತುಂಬುವುದರೊಳಗೆ ಆ ನೋಟು ನಿಂತುಹೋಯಿತು. ಒಂದಕ್ಕೊಂದು ಸಮ ಬೆಲೆಗೆ ಬದಲಾಯಿಸಿಕೊಳ್ಳುವ ಗಿರಾಕಿಗೆ ತೊಂದರೆ ಬಿಟ್ಟರೆ ಏನೂ ಸಿಗುವುದಿಲ್ಲ ಎಂಬುದು ಈ ಬಗೆಯ ನೋಟಿನ ಮೂಲ ದೌರ್ಬಲ್ಯ. ಜರ್ಮನಿಯಲ್ಲಿ 2003ರಲ್ಲಿ ಹುಟ್ಟಿದ ಕೀಮ್‌ಗಾವರ್ ಇದಕ್ಕೆ ಒಂದು ಉಪಾಯ ಕಂಡುಕೊಂಡಿತು. ಯೂರೋಗೆ ಮರಳಿಸುವಾಗ ಅಂಗಡಿಯವರಿಂದ ನೂರಕ್ಕೆ 5 ಹಿಡಿದು, ಅದರಲ್ಲಿ 3 ಗಿರಾಕಿ ಆರಿಸಿದ ಸಂಘಕ್ಕೆ ಕೊಡುವುದು. ಒಳ್ಳೆಯ ಯೋಚನೆಯೇ. ಆದರೆ ಖೋಟಾ ತಡೆಯುವ ಅಚ್ಚು, ಬದಲಾವಣೆ ಕೌಂಟರು, ಎಣಿಕೆ ಎಲ್ಲ ಸೇರಿದರೆ ಸಣ್ಣ ಕೂಟದ ಕೈಗೆಟುಕುವ ಕೆಲಸವಲ್ಲ.

ಇನ್ನು ಉದ್ರಿ ಖಾತೆ. ಎಲ್ಲರದ್ದೂ ಸೊನ್ನೆಯಿಂದ ಶುರು. ಪ್ರೆಸ್ಸಿನವರು ಪುಸ್ತಕದಂಗಡಿಗೆ 500ರ ಬಿಲ್‌ಬುಕ್ ಅಚ್ಚು ಹಾಕಿಕೊಟ್ಟರೆ ಪ್ರೆಸ್ಸಿಗೆ 500 ಜಮಾ, ಪುಸ್ತಕದಂಗಡಿಗೆ 500 ಬಾಕಿ. ಪ್ರೆಸ್ಸಿನವರು ಆ 500ಕ್ಕೆ ಬಡಗಿಯವರಿಂದ ಕಪಾಟು ರಿಪೇರಿ ಮಾಡಿಸುತ್ತಾರೆ. ಬಡಗಿಯವರು ಮಕ್ಕಳ ಶಾಲೆಗೆ ಬೇಕಾದ ಪುಸ್ತಕ ಒಯ್ಯುತ್ತಾರೆ. ಮೂವರೂ ಮತ್ತೆ ಸೊನ್ನೆಗೆ ಬಂದರು. ನಗದು ಬೇಕಾಗಲಿಲ್ಲ, ಬಡ್ಡಿಯೂ ಇಲ್ಲ. ಎಲ್ಲ ಖಾತೆಗಳನ್ನು ಕೂಡಿದರೆ ಯಾವತ್ತೂ ಸೊನ್ನೆಯೇ ಬರಬೇಕು. ಬಾರದಿದ್ದರೆ ಎಲ್ಲೋ ನಮೂದು ತಪ್ಪಿದೆ ಎಂದರ್ಥ. ಸ್ವಿಟ್ಜರ್ಲೆಂಡಿನ ವೀರ್ ಸಂಸ್ಥೆ 1934ರಲ್ಲಿ, ಆರ್ಥಿಕ ಕುಸಿತದಲ್ಲಿ ವ್ಯಾಪಾರಿಗಳ ಕೈಯಲ್ಲಿ ನಗದಿಲ್ಲದಿದ್ದಾಗ ಹುಟ್ಟಿದ್ದು ಈ ಯೋಚನೆಯಿಂದಲೇ. ಇಟಲಿಯ ಸಾರ್ಡಿನಿಯಾ ದ್ವೀಪದ ಸಾರ್ಡೆಕ್ಸ್ ಇದೇ ದಾರಿಯಲ್ಲಿ ನಡೆದಿದೆ.

ಕಾಟ ಕೊಡುವ ತೊಡಕು ಒಂದಿದೆ, ಅದನ್ನು ಬಿಡಿಸಿಯೇ ಹೇಳಬೇಕು: ಜಮಾ ಒಂದೇ ಕಡೆ ಗಡ್ಡೆ ಕಟ್ಟುತ್ತದೆ. ದಿನಬಳಕೆಯ ಸಾಮಾನು ಮಾರುವವರ ಬಳಿ ಎಲ್ಲರೂ ಬರುತ್ತಾರೆ, ಅವರ ಖಾತೆಯಲ್ಲಿ ಜಮಾ ಏರುತ್ತಲೇ ಹೋಗುತ್ತದೆ. ಅವರ ಸರಕು ಬರುವುದು ಹೊರಗಿನ ಸಗಟು ವ್ಯಾಪಾರಿಯಿಂದ, ಆತ ಕೇಳುವುದು ನಗದು. ಮೂರು ತಿಂಗಳಲ್ಲಿ ಅವರು "ಇನ್ನು ಖಾತೆಗೆ ಕೊಡುವುದಿಲ್ಲ" ಎನ್ನುತ್ತಾರೆ. ಆ ಮಾತು ಹೊರಬಿದ್ದ ವಾರವೇ ಉಳಿದ ಜಮಾದಾರರಿಗೂ ದಿಗಿಲು ಹಿಡಿದು ಎಲ್ಲರೂ ಒಟ್ಟಿಗೆ ಖರ್ಚು ಮಾಡಲು ಓಡುತ್ತಾರೆ, ಮಾರುವವರು ಮಾತ್ರ ಸಿಗುವುದಿಲ್ಲ.

ಇದಕ್ಕೆ ಔಷಧ ಸೇರಿಸಿಕೊಳ್ಳುವಾಗಲೇ ಆಗಬೇಕು. ಹೊಸ ಸದಸ್ಯರನ್ನು ಏನು ಮಾರುತ್ತೀರಿ ಎಂದು ಕೇಳುವ ಮೊದಲು ಅವರ ಹಿಂದಿನ ಮೂರು ತಿಂಗಳ ಖರೀದಿ ಬಿಲ್ಲುಗಳನ್ನು ತರಿಸಿ. ಕೂಟದೊಳಗೆ ಸಿಗುವ ಪ್ರತಿಯೊಂದಕ್ಕೂ ಗುರುತು ಹಾಕಿ: ಅಚ್ಚು, ಲೆಕ್ಕಪತ್ರ, ವಿದ್ಯುತ್ ಕೆಲಸ, ಸಾಗಣೆ, ಶುಚಿತ್ವ. ಗುರುತು ಬಿದ್ದ ಮೊತ್ತವನ್ನು ಮೂರರಿಂದ ಭಾಗಿಸಿದರೆ ಅವರು ತಿಂಗಳಿಗೆ ಎಷ್ಟು ಅರಗಿಸಿಕೊಳ್ಳಬಲ್ಲರು ಎಂಬುದು ಸಿಗುತ್ತದೆ. ಅದರ ಎರಡರಷ್ಟು ಜಮಾ ಆದಾಗ ಅವರ ಹೊಸ ಮಾರಾಟಕ್ಕೆ ತಡೆ. ಬಾಕಿಯ ಮಿತಿ ಶುರುವಿನಲ್ಲಿ ಒಂದು ವಾರದ ವಹಿವಾಟಿನಷ್ಟು ಸಾಕು.

ಎರಡನೆಯ ಕೆಲಸ, ದಿನಬಳಕೆಯ ಅಂಗಡಿಗೆ ಪೂರ್ತಿ ಬಿಲ್ಲನ್ನು ಖಾತೆಗೆ ಹಾಕಿಸಬೇಡಿ. ನೂರರಲ್ಲಿ 30 ಖಾತೆಗೆ, 70 ನಗದು ಎಂದರೆ ಸಗಟಿನವನಿಗೆ ಕೊಡಲು ಅವರ ಗಲ್ಲಾದಲ್ಲಿ ಹಣ ಇರುತ್ತದೆ. ತೆರಿಗೆಯೂ ಇಲ್ಲಿಯೇ ಸೇರಿಕೊಂಡಿದೆ. ಖಾತೆಯ ಮೇಲಿನ ಮಾರಾಟವೂ ಸಾಮಾನ್ಯವಾಗಿ ಮಾರಾಟವೇ, ಅದಕ್ಕೆ ಬಿಲ್ ಹಾಕಬೇಕು, ತೆರಿಗೆ ನಗದಿನಲ್ಲೇ ಕಟ್ಟಬೇಕು. ಆ ಭಾಗವನ್ನಾದರೂ ಯಾವಾಗಲೂ ನಗದಾಗಿ ಪಡೆಯಲಿ.

ಮೂರನೆಯದು ಫೋನು. ತಿಂಗಳಿಗೊಮ್ಮೆ ಅತಿ ಹೆಚ್ಚು ಜಮಾ ಇರುವ ಐವರು, ಅತಿ ಹೆಚ್ಚು ಬಾಕಿ ಇರುವ ಐವರ ಪಟ್ಟಿ ಮಾಡಿ. ಜಮಾ ಇರುವವರಿಗೆ "ನಿಮ್ಮ ಬೋರ್ಡ್ ಬಣ್ಣ ಹೋಗಿದೆ, ಬಾಕಿ ಇರುವ ಪೇಂಟರಿಗೆ ಈ ವಾರ ಬಿಡುವಿದೆ" ಎಂದು ಹೆಸರು ಹಿಡಿದೇ ಹೇಳಬೇಕು. ಸಾರ್ಡೆಕ್ಸ್‌ನಲ್ಲಿ ಹೀಗೆ ಜೋಡಿಸಿಕೊಡುವ ದಲ್ಲಾಳಿಗಳು ಸಂಬಳದ ಮೇಲೆ ಇದ್ದರು. ಸುಮ್ಮನೆ ಆ್ಯಪ್ ಕೊಟ್ಟು ಸದಸ್ಯರೇ ಹುಡುಕಿಕೊಳ್ಳಲಿ ಎಂದು ಬಿಟ್ಟ ಕಡೆ ವಹಿವಾಟು ಬೇಗ ಸೊರಗುತ್ತದೆ.

ನನ್ನ ಲೆಕ್ಕಾಚಾರ ಬಿಗಿ ಬಜೆಟ್ಟಿನದು. ಅಚ್ಚಿಗೆ ಹಣ ಸುರಿಯುವ ಬದಲು ಒಂದು ಸ್ಪ್ರೆಡ್‌ಶೀಟು ಮತ್ತು ವಾರಕ್ಕೆ ಅರ್ಧ ದಿನ ಫೋನ್ ಹಿಡಿದು ಕೂರುವ ಒಬ್ಬರ ಗೌರವಧನ ನನಗೆ ಒಗ್ಗುತ್ತದೆ. ಪ್ರತಿ ಸಂಜೆ ಲೆಕ್ಕ ತಾಳೆ ನೋಡುವ ರೂಢಿ ಇಲ್ಲದವರಿಗೆ ಇದು ಹೇಳಿದ್ದಲ್ಲ. ನಿಮ್ಮ ಕೂಟದಲ್ಲಿ ಬರೀ ಚಿಲ್ಲರೆ ಅಂಗಡಿಗಳಿದ್ದು ಒಬ್ಬರಿಂದ ಒಬ್ಬರು ಕೊಳ್ಳುವಂಥದ್ದು ಏನೂ ಇಲ್ಲದಿದ್ದರೆ ವೋಚರೇ ಸರಿ.

ಉದ್ರಿ ಖಾತೆ ಆರಿಸಿಕೊಂಡರೆ ಬಿಟ್ಟುಹೋಗುವವರ ನಿಯಮವನ್ನು ಸೇರುವ ದಿನವೇ ಬರೆಸಿ ಸಹಿ ಹಾಕಿಸಿ: ಬಾಕಿ ಇದ್ದರೆ ಮೂವತ್ತು ದಿನದೊಳಗೆ ನಗದಾಗಿ ಕಟ್ಟಬೇಕು, ಜಮಾ ಇದ್ದರೆ ಆರು ತಿಂಗಳೊಳಗೆ ಕೂಟದಲ್ಲೇ ಖರ್ಚು ಮಾಡಬೇಕು. ಯಾರಾದರೂ ಕಟ್ಟದೆ ಹೋದರೆ ಆ ನಷ್ಟ ತುಂಬಲು ಪ್ರತಿ ವಹಿವಾಟಿನ ನೂರಕ್ಕೆ 1 ಅನ್ನು ಮೊದಲ ದಿನದಿಂದಲೇ ಪ್ರತ್ಯೇಕ ಖಾತೆಗೆ ಜಮಾ ಮಾಡುತ್ತಾ ಬನ್ನಿ.