ಟ್ರ್ಯಾಕ್ ಡೇಗೆ ಹಣ ಕಟ್ಟುವ ಮುನ್ನ ‘ಎಷ್ಟು ನಿಮಿಷ?’ ಎಂದು ಕೇಳಿ

ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ. ಟ್ರ್ಯಾಕ್ ಡೇ ಎಂದರೆ ದುಡ್ಡು ಕೊಟ್ಟು ರೇಸ್ ಟ್ರ್ಯಾಕ್ ಮೇಲೆ ನಮ್ಮದೇ ಬೈಕ್ ಓಡಿಸುವ ದಿನ. ಚೆನ್ನೈ ಹತ್ತಿರದ ಶ್ರೀಪೆರಂಬುದೂರು ಬಳಿಯ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕ್‌ನಲ್ಲಿ ‘ಇಡೀ ದಿನ ಬೈಕ್ ಓಡಿಸಿ’ ಎಂದು ನಮ್ಮ ಬೆಂಗಳೂರಿನವನೇ ಆದ ಆಯೋಜಕನೊಬ್ಬ ನನ್ನಿಂದ 14,000 ರೂಪಾಯಿ ಕಟ್ಟಿಸಿಕೊಂಡ. ಗ್ಯಾರೇಜು, ತರಬೇತುದಾರ, ಲ್ಯಾಪ್ ಟೈಮಿಂಗ್ (ಟ್ರ್ಯಾಕ್‌ನ ಒಂದೊಂದು ಸುತ್ತಿಗೆ ಹಿಡಿದ ಸಮಯ), ಲೆದರ್ ಸೂಟು ಎಲ್ಲವೂ ಸೇರಿ. ಸೂಟಿಗೆ ಬೇರೆ 3,000 ಠೇವಣಿ. ಹಣ ಹೋದದ್ದು ಅವನ ಸ್ವಂತ ಮೊಬೈಲ್ ನಂಬರಿಗೆ. ಅಲ್ಲೇ ಬುದ್ಧಿ ಬರಬೇಕಿತ್ತು, ಬರಲಿಲ್ಲ.

ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಈ ಟ್ರ್ಯಾಕ್ 1990ರದು, 3.717 ಕಿ.ಮೀ., 12 ತಿರುವು. ಕಾಲೇಜು ದಿನಗಳಿಂದಲೂ ಅಲ್ಲಿ ಓಡಿಸುವ ಆಸೆ. ಬೆಳಿಗ್ಗೆ ಆರಕ್ಕೇ ಹೋಗಿ ಕನ್ನಡಿ ಬಿಚ್ಚಿ, ಹೆಡ್‌ಲೈಟಿಗೆ ಟೇಪ್ ಅಂಟಿಸಿ, ಟೈರಿನ ಗಾಳಿ ಇಳಿಸಿ ಕಾದೆ. ‘ಗ್ಯಾರೇಜು’ ಎಂದರೆ ಒಂದು ಶಾಮಿಯಾನ. ಸೂಟು ಆಗತಾನೇ ಇನ್ನೊಬ್ಬನ ಮೈಯಿಂದ ಕಳಚಿದ್ದು, ಒಳಗೆಲ್ಲ ಅವನ ಬೆವರು, ಜಿಪ್ ಎದೆಯಿಂದ ಮೇಲೆ ಏರುವುದಿಲ್ಲ. ಟ್ರ್ಯಾಕ್‌ನವರ ಮೇಲೆ ನನಗೆ ಸಿಟ್ಟಿಲ್ಲ, ರಸ್ತೆ ಬೆಣ್ಣೆಯಂತಿದೆ. ಸಿಟ್ಟೆಲ್ಲ ಈ ಮಧ್ಯವರ್ತಿಯ ಮೇಲೆ.

ಹದಿನೈದು ಹದಿನೈದು ನಿಮಿಷದ ಎರಡು ಸರದಿ ಮುಗಿಯಿತು. ಮೂರನೆಯದಕ್ಕೆ ಹೆಲ್ಮೆಟ್ ಹಾಕಿಕೊಂಡು ಹೋಗಿ ಸಾಲಿನಲ್ಲಿ ನಿಂತೆ. ಎಲ್ಲರೆದುರೇ ಆ ಆಯೋಜಕ, “ನಿಮ್ಮದು ಮುಗಿಯಿತಲ್ಲ ಸರ್” ಎಂದ.

“ಇಡೀ ದಿನ ಎಂದಿದ್ದಿರಲ್ಲ?”

“ಇಡೀ ದಿನ ನೀವು ಇಲ್ಲಿ ಇರಬಹುದು ಸರ್. ಊಟವೂ ಇದೆ.”

ಇರಬಹುದು! ಓಡಿಸಬಹುದು ಅಲ್ಲ, ಇರಬಹುದು! ಹೆಲ್ಮೆಟ್ ತೆಗೆಯಲೂ ಮುಖವಿಲ್ಲದೆ ಹಾಗೇ ನಿಂತಿದ್ದೆ. ಲ್ಯಾಪ್ ಟೈಮಿಂಗ್ ಎಲ್ಲಿ ಎಂದರೆ, “ಹುಡುಗ ಮೊಬೈಲಿನಲ್ಲಿ ನೋಡುತ್ತಿದ್ದ, ಚೆನ್ನಾಗಿಯೇ ಓಡಿಸಿದಿರಿ” ಎಂಬ ಉತ್ತರ. ಒಟ್ಟು ಒಂಬತ್ತು ಲ್ಯಾಪ್. ಹೋಗಿಬರಲು ಆರುನೂರು ಕಿ.ಮೀ., ಟ್ರ್ಯಾಕ್ ಮೇಲೆ ಮೂವತ್ತಮೂರೂವರೆ.

ಇನ್ನು ಠೇವಣಿ. “ಸೂಟಿನ ಮೊಣಕಾಲಿನಲ್ಲಿ ಗೀರು ಬಿದ್ದಿದೆ ಸರ್, ಕೊಡಲಾಗುವುದಿಲ್ಲ.” ಮೊಣಕಾಲು ನೆಲಕ್ಕೆ ತಾಗುವಷ್ಟು ಬೈಕ್ ಬಾಗಿಸಲು ಬರುತ್ತಿದ್ದರೆ ತರಬೇತುದಾರನಿಗೇಕೆ ದುಡ್ಡು ಕೊಡುತ್ತಿದ್ದೆ? ಆ ತರಬೇತುದಾರನೂ ಒಂದು ಲ್ಯಾಪ್ ಮುಂದೆ ಓಡಿ ಮಾಯವಾದ.

ಹೋಗುವವರು ಟ್ರ್ಯಾಕ್ ಮೇಲೆ ಎಷ್ಟು ನಿಮಿಷ, ಗುಂಪಿನಲ್ಲಿ ಎಷ್ಟು ಬೈಕ್ ಎಂದು ಬರಹದಲ್ಲಿ ಪಡೆಯಿರಿ. ಆ ದಿನದ ಬುಕಿಂಗ್ ನಿಜವೇ ಎಂದು ಕ್ಲಬ್ಬಿಗೇ ಕೇಳಿ. ಸೂಟನ್ನು ಹಾಕಿಕೊಳ್ಳುವ ಮೊದಲೇ ಫೋಟೊ ತೆಗೆಯಿರಿ, ಮೊಣಕಾಲನ್ನು ಮರೆಯದೆ.

ಮೂರು ಸಾವಿರ ಇನ್ನೂ ಬಂದಿಲ್ಲ. ಬಂದರೆ ಇಲ್ಲೇ ಬರೆಯುತ್ತೇನೆ.